ಸೆಮಿ-ಹಾಲೋ ಗಿಟಾರ್: ಪಿಕಪ್ ನೋಡುವ ಮೊದಲು ಹೊಟ್ಟೆಯೊಳಗೆ ನೋಡಿ

ಪ್ರಶ್ನೆ: ಆರು ವರ್ಷದಿಂದ ಸ್ಟ್ರಾಟ್ ಮಾದರಿಯ (ಗಟ್ಟಿ ಮರದ ಮೈಯ) ಗಿಟಾರ್ ನುಡಿಸುತ್ತಿದ್ದೇನೆ. ವಾಸ ಮಂಗಳೂರು. ಹಳೆಯ ಚಿತ್ರಗೀತೆ, ಬ್ಲೂಸ್, ಸ್ವಲ್ಪ ಜಾಝ್. ವಾರಕ್ಕೊಮ್ಮೆ ಕೆಫೆಯಲ್ಲಿ ಡ್ರಮ್ಸ್ ಜೊತೆಗೆ. ಸೆಮಿ-ಹಾಲೋ (ಅರ್ಧ ಟೊಳ್ಳು ಮೈಯ ಗಿಟಾರ್) ಕೊಳ್ಳಬೇಕೆಂದಿದ್ದೇನೆ. ಎಪಿಫೋನ್ ಇಎಸ್-335, ಐಬನೀಝ್ ಎಎಸ್73, ಗ್ರೆಟ್ಶ್ ಜಿ2622, ಈ ಮೂರರಲ್ಲಿ ಯಾವುದು? ಕ್ಯಾಸಿನೊ ಕೂಡ ಇಷ್ಟವಾಗಿದೆ. ಇವು ಟ್ಯೂನ್‌ನಲ್ಲಿ ನಿಲ್ಲುವುದಿಲ್ಲ, ಬ್ರಿಡ್ಜ್ (ಮೈಮೇಲೆ ತಂತಿ ಕೂರುವ ಸೇತುವೆ), ಟ್ಯೂನರ್ (ಬಿರಡೆ), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಎಲ್ಲ ಬದಲಿಸಬೇಕಾಗುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ತಂತಿ 10 (ತೆಳು ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಹಾಕಲೋ 11 ಹಾಕಲೋ? ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ ತಂತಿ) ಹೇಗೆ?

ಉತ್ತರ: ಕ್ಯಾಸಿನೊದಿಂದಲೇ ಶುರು ಮಾಡೋಣ, ಏಕೆಂದರೆ ಅದು ಸೆಮಿ-ಹಾಲೋ ಅಲ್ಲವೇ ಅಲ್ಲ. ಹೊರಗಿನಿಂದ ನೋಡಿದರೆ 335ರ ತಮ್ಮನಂತೆ ಕಾಣುತ್ತದೆ: ಅದೇ ಎರಡು ಕೊಂಬು, ಅದೇ ಎರಡು ಎಫ್-ರಂಧ್ರ, ಅದೇ ತೆಳು ಮೈ. ಒಳಗೆ ಮಾತ್ರ ಪೂರ್ತಿ ಟೊಳ್ಳು. 1959ರ ಗಿಬ್ಸನ್ ಇಎಸ್-330 ಮತ್ತು 1961ರ ಎಪಿಫೋನ್ ಕ್ಯಾಸಿನೊ ಒಂದೇ ಜಾತಿಯವು. ಎರಡರಲ್ಲೂ ಪಿ-90 ಸಿಂಗಲ್ ಕಾಯಿಲ್ ಪಿಕಪ್, ಹಿಂದೆ ಟ್ರಪೀಜ್ ಟೇಲ್‌ಪೀಸ್ (ತಂತಿಯ ಬಾಲ ಹಿಡಿಯುವ, ಮೈಯ ಅಂಚಿಗೆ ಸಿಕ್ಕಿಸಿದ ಭಾಗ). ಕತ್ತು ಮೈಗೆ ಸೇರುವುದು 16ನೇ ಫ್ರೆಟ್ಟಿನ ಆಸುಪಾಸಿನಲ್ಲಿ, 335ರಲ್ಲಿ ಸೇರುವುದು 19ನೇ ಫ್ರೆಟ್ಟಿನಲ್ಲಿ. ಹಾಗಾಗಿ ಕ್ಯಾಸಿನೊದಲ್ಲಿ ಮೇಲಿನ ಸ್ವರಗಳಿಗೆ ಕೈ ಅಷ್ಟು ಸುಲಭವಾಗಿ ಹೋಗುವುದಿಲ್ಲ.

335ರ ಗುಟ್ಟು ಅದರ ಹೊಟ್ಟೆಯಲ್ಲಿದೆ. 1958ರಲ್ಲಿ ಗಿಬ್ಸನ್ ಅದನ್ನು ಹೊರತಂದಾಗ ಕಂಪನಿಯ ಅಧ್ಯಕ್ಷರಾಗಿದ್ದವರು ಟೆಡ್ ಮೆಕಾರ್ಟಿ. ಟೊಳ್ಳು ಗಿಟಾರಿನ ಮೃದುತ್ವ ಬೇಕು, ಆಂಪ್ ಜೋರು ಮಾಡಿದರೆ ಊಳಿಡಬಾರದು ಎಂಬ ಬೇಡಿಕೆಗೆ ಕೊಟ್ಟ ಉತ್ತರ ಅದು. ಸುಮಾರು 16 ಇಂಚು ಅಗಲದ ಪ್ಲೈವುಡ್ ಮೈ; ಅದರ ನಡುವೆ ಕತ್ತಿನಿಂದ ಬಾಲದವರೆಗೆ ಮೇಪಲ್ ಮರದ ಒಂದು ದಿಮ್ಮಿ. ಮೈಯ ಮೇಲ್ಭಾಗ ಉಬ್ಬಿರುವುದರಿಂದ ನೇರ ದಿಮ್ಮಿ ಅದಕ್ಕೆ ಅಂಟುವುದಿಲ್ಲ. ಆ ಸಂದು ತುಂಬಲು ಸ್ಪ್ರೂಸ್ ಮರದ ಪಟ್ಟಿಗಳನ್ನು ಉಬ್ಬಿಗೆ ಹೊಂದುವಂತೆ ಕೊಟ್ಟು ಅಂಟಿಸಿದ್ದಾರೆ. ಪಿಕಪ್, ಬ್ರಿಡ್ಜ್, ಟೇಲ್‌ಪೀಸ್ ಮೂರೂ ಕೂತಿರುವುದು ಈ ದಿಮ್ಮಿಯ ಮೇಲೆ. ಎರಡು ಪಕ್ಕೆಗಳು ಮಾತ್ರ ಟೊಳ್ಳು.

ಇದರ ಪರಿಣಾಮ ಕೆಫೆಯಲ್ಲಿ ನೇರವಾಗಿ ಗೊತ್ತಾಗುತ್ತದೆ. ಪೂರ್ತಿ ಟೊಳ್ಳಾದ ಗಿಟಾರಿನಲ್ಲಿ ಆಂಪಿನಿಂದ ಬಂದ ಸದ್ದು ಮೇಲ್ಹಲಗೆಯನ್ನು ನಡುಗಿಸುತ್ತದೆ, ಹಲಗೆ ತಂತಿಯನ್ನು ನಡುಗಿಸುತ್ತದೆ, ಪಿಕಪ್ ಅದನ್ನು ಮತ್ತೆ ಆಂಪಿಗೆ ಕಳಿಸುತ್ತದೆ. ಈ ಸುತ್ತು ಒಮ್ಮೆ ಹಿಡಿಯಿತೆಂದರೆ ದಪ್ಪ ಸ್ವರದ ಊಳು ಶುರು. ದಿಮ್ಮಿ ಇದ್ದರೆ ಬ್ರಿಡ್ಜ್ ಕೂತ ಜಾಗ ಅಷ್ಟು ಸುಲಭಕ್ಕೆ ಅಲುಗದು. ಚಿಕ್ಕ ವೇದಿಕೆ, ಬೆನ್ನ ಹಿಂದೆಯೇ ಆಂಪ್, ಪಕ್ಕದಲ್ಲಿ ಡ್ರಮ್ಸ್ ಇರುವ ಜಾಗಕ್ಕೆ ಕ್ಯಾಸಿನೊ ತೆಗೆದುಕೊಂಡು ಹೋದರೆ ಎಫ್-ರಂಧ್ರಕ್ಕೆ ಸ್ಪಂಜು ತುರುಕಿಕೊಂಡೇ ಕೂರಬೇಕು. ಜೊತೆಗೆ ಪಿ-90ಗೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ಗಾಟದಿಂದ ರಕ್ಷಣೆ ಇಲ್ಲ. ಕೆಫೆಯ ಫ್ರಿಜ್, ಡಿಮ್ಮರ್ ದೀಪ ಎಲ್ಲವೂ ಅದರಲ್ಲಿ ಕೇಳುತ್ತವೆ. ಮನೆಯ ಕೋಣೆಗೆ, ಸ್ಟುಡಿಯೊಗೆ ಅದು ಸೊಗಸಾದ ವಾದ್ಯ. ನಿಮ್ಮ ಕೆಲಸಕ್ಕೆ ಬೇಡ.

ಇನ್ನು ನೀವು ಕೇಳಿದ ಮೂರು. ಮೂರರಲ್ಲೂ ದಿಮ್ಮಿ ಇದೆ, ಮೂರರ ಸ್ಕೇಲ್ ಉದ್ದವೂ (ತಂತಿಯ ನುಡಿಯುವ ಭಾಗದ ಉದ್ದ) ಹೆಚ್ಚುಕಡಿಮೆ ಒಂದೇ: 24.75 ಇಂಚು, ಅಂದರೆ ಸುಮಾರು 628 ಮಿ.ಮೀ.

ಎಪಿಫೋನ್ ಇಎಸ್-335 ಗಿಬ್ಸನ್ನಿನ ನೇರ ವಂಶಜ. ಮೇಪಲ್ ಪ್ಲೈ ಮೈ, ಮಹಾಗನಿ ಕತ್ತು, ಆಲ್ನಿಕೊ ಕ್ಲಾಸಿಕ್ ಪ್ರೊ ಹಂಬಕರ್ (ಗುಂಯ್‌ಗಾಟ ತಡೆಯುವ ಎರಡು ಸುರುಳಿಯ ಪಿಕಪ್), ಒಳಗೆ ಸಿಟಿಎಸ್ ಕಂಪನಿಯ ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಿಸುವ ಭಾಗಗಳು). ಈ ಕೊನೆಯ ವಿವರವನ್ನು ಸಣ್ಣದೆಂದು ಬಿಡಬೇಡಿ. ಸೆಮಿ-ಹಾಲೋದಲ್ಲಿ ಪಾಟ್ ಬದಲಿಸುವುದೆಂದರೆ ಏನೆಂದು ಮುಂದೆ ಹೇಳುತ್ತೇನೆ. ಫಿಂಗರ್‌ಬೋರ್ಡಿಗೆ ಅವರು ಬರೆಯುವ ಹೆಸರು 'ಇಂಡಿಯನ್ ಲಾರೆಲ್'. ಅದು ಬೇರಾವುದೂ ಅಲ್ಲ, ನಮ್ಮ ಪಶ್ಚಿಮ ಘಟ್ಟದ ಮತ್ತಿ ಮರದ ಜಾತಿ. 2017ರಲ್ಲಿ ಬೀಟೆಯ ಇಡೀ ಕುಲಕ್ಕೆ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧ ಬಂದ ಮೇಲೆ ಗಿಟಾರ್ ಕಂಪನಿಗಳು ಬದಲಿ ಮರ ಹುಡುಕಿ ಇಂಥವಕ್ಕೆ ಬಂದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಲಾರೆಲ್ ಉಳಿದುಕೊಂಡಿದೆ. ನಾದದಲ್ಲಿ ವ್ಯತ್ಯಾಸ ಹುಡುಕುತ್ತ ಕೂರಬೇಡಿ. ಸ್ವಲ್ಪ ಒಣಕಲಾಗಿ ಕಾಣುತ್ತದೆ, ವರ್ಷಕ್ಕೊಮ್ಮೆ ಎರಡು ಹನಿ ಎಣ್ಣೆ ಸಾಕು.

ಐಬನೀಝ್ ಎಎಸ್73ರ ಮೈ ಲಿಂಡೆನ್ ಪ್ಲೈ, ಕತ್ತು ನ್ಯಾಟೋ. ಕತ್ತು ಇನ್ನೆರಡಕ್ಕಿಂತ ಸ್ವಲ್ಪ ತೆಳು. ಸ್ಟ್ರಾಟ್‌ನಿಂದ ಬರುವ ಕೈಗೆ ಬೇಗ ಒಗ್ಗುತ್ತದೆ. ಪಿಕಪ್ ಸ್ವಲ್ಪ ಮಂದ, ಜಾಝ್ ಕಡೆಗೆ ವಾಲಿದ ದನಿ. ಟೇಲ್‌ಪೀಸ್ ಕ್ವಿಕ್ ಚೇಂಜ್ ಮಾದರಿ, ತಂತಿಯನ್ನು ರಂಧ್ರದಲ್ಲಿ ತೂರಿಸದೆ ಮೇಲಿನಿಂದಲೇ ಕೂರಿಸಬಹುದು. ಕೊಟ್ಟ ದುಡ್ಡಿಗೆ ಫ್ರೆಟ್ ಕೆಲಸ ಸಾಮಾನ್ಯವಾಗಿ ಅಚ್ಚುಕಟ್ಟು. ಒಳಗಿನ ಪಾಟ್, ಸ್ವಿಚ್ ಸಾಧಾರಣ.

ಗ್ರೆಟ್ಶ್ ಜಿ2622ರ ದಿಮ್ಮಿ ಮೇಪಲ್ ಅಲ್ಲ, ಸ್ಪ್ರೂಸ್, ಹಗುರ ಮರ. ಬ್ರಾಡ್‌ಟ್ರಾನ್ ಪಿಕಪ್ ದಪ್ಪ ಹಂಬಕರ್‌ಗೂ ಹಳೆಯ ಗ್ರೆಟ್ಶ್‌ನ ಕಿಣಿಕಿಣಿಗೂ ನಡುವಿನದು. ಕೊಂಬಿನ ಬಳಿ ಮಾಸ್ಟರ್ ವಾಲ್ಯೂಮ್ ಇದೆ, ಕಿರುಬೆರಳಿಗೆ ಸಿಗುತ್ತದೆ. ಹಾಡಿನ ನಡುವೆ ದನಿ ಏರಿಸಿ ಇಳಿಸುವವರಿಗೆ ಇದೊಂದೇ ಕಾರಣಕ್ಕೆ ಕೊಳ್ಳಬಹುದು ಎನಿಸುತ್ತದೆ. ಆದರೆ ಹೆಸರಿನ ಕೊನೆಗೆ 'ಟಿ' ಇರುವ ಬಿಗ್ಸ್‌ಬಿ (ಸ್ವರ ಅಲುಗಿಸುವ ಸನ್ನೆಯ) ಮಾದರಿ ನಿಮಗೆ ಬೇಡ. ಬಿಗ್ಸ್‌ಬಿ ಚಂದದ ಯಂತ್ರ, ಕೆಟ್ಟದ್ದಲ್ಲ. ಆದರೆ ತಂತಿಯನ್ನು ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮತ್ತು ಬ್ರಿಡ್ಜ್ ಎರಡರ ಮೇಲೂ ಸತತ ಹಿಂದೆ ಮುಂದೆ ಎಳೆಯುತ್ತದೆ, ಎರಡರಲ್ಲಿ ಒಂದು ಕಡೆ ತಂತಿ ಸಿಕ್ಕಿಕೊಂಡರೂ ಶ್ರುತಿ ಹೋಯಿತು. ಉಪ್ಪುಗಾಳಿಯ ಊರಿನಲ್ಲಿ ಅದನ್ನು ಸಾಕುವುದು ಹೆಚ್ಚಿನ ಕೆಲಸ.

ನೀವು ಕೇಳದ ನಾಲ್ಕನೆಯದೊಂದಿದೆ: ಸ್ಕ್ವಯರ್ ಸ್ಟಾರ್‌ಕಾಸ್ಟರ್. ಫೆಂಡರ್ 1970ರ ದಶಕದಲ್ಲಿ ಮಾಡಿ ಸೋತ ಗಿಟಾರಿನ ಮರುಹುಟ್ಟು. 25.5 ಇಂಚು ಸ್ಕೇಲ್, ಬೋಲ್ಟ್ ಹಾಕಿದ ಕತ್ತು. ಸ್ಟ್ರಾಟ್‌ನ ಬೆರಳಂತರ ಬಿಡಲಾರೆ ಎನ್ನುವವರಿಗೆ ಸರಿ. ನಿಮ್ಮ ಹಾಡುಗಳಿಗೆ ಮಾತ್ರ ಚಿಕ್ಕ ಸ್ಕೇಲಿನ ಸಡಿಲವೇ ಹೊಂದುತ್ತದೆ.

ನನ್ನ ಆಯ್ಕೆ ಎಪಿಫೋನ್ 335. ದುಡ್ಡು ಸಾಲದಿದ್ದರೆ ಎಎಸ್73, ಉಳಿದ ಹಣ ಸೆಟಪ್‌ಗೆ, ಅಂದರೆ ನಟ್, ಕತ್ತು, ತಂತಿಯ ಎತ್ತರ ಹೊಂದಿಸುವ ಕೆಲಸಕ್ಕೆ.

ಸೆಟಪ್ ಅಂದೆ, ಪಿಕಪ್ ಅನ್ನಲಿಲ್ಲ. ಗೆಳೆಯರು ಹೇಳಿದ 'ಟ್ಯೂನ್ ನಿಲ್ಲುವುದಿಲ್ಲ' ಎಂಬ ದೂರಿಗೆ ನೂರಕ್ಕೆ ತೊಂಬತ್ತು ಸಲ ಕಾರಣ ಬಿರಡೆಯಲ್ಲ, ನಟ್. ಈ ಮಾದರಿಗಳ ತಲೆಯಲ್ಲಿ ಬಿರಡೆಗಳು ಮೂರು ಮೂರಾಗಿ ಎರಡು ಬದಿಗೆ ಇರುತ್ತವೆ. ಸ್ಟ್ರಾಟ್‌ನಲ್ಲಿ ತಂತಿ ನಟ್ ದಾಟಿ ನೇರ ಹೋಗುತ್ತದೆ. ಇಲ್ಲಿ ನಡುವಿನ ಡಿ ಮತ್ತು ಜಿ ತಂತಿಗಳು ನಟ್ ದಾಟಿದ ಕೂಡಲೇ ಪಕ್ಕಕ್ಕೆ ಸೊಟ್ಟ ತಿರುಗುತ್ತವೆ, ಜೊತೆಗೆ ತಲೆ ಹಿಂದಕ್ಕೆ ಬಾಗಿರುವುದರಿಂದ ಕೆಳಕ್ಕೂ ಎಳೆತ. ನಟ್‌ನ ಗಾಡಿ (ತಂತಿ ಕೂರುವ ಕೊರೆತ) ಚಿಕ್ಕದಾದರೆ ತಂತಿ ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿರಡೆ ತಿರುಗಿಸುವಾಗ ಏನೂ ಆಗದೆ, ಆಮೇಲೆ 'ಟಿಂಗ್' ಎಂದು ಒಮ್ಮೆಲೇ ಸ್ವರ ಹಾರಿದರೆ ರೋಗ ಅದೇ. ತಂತಿ ಬೆಂಡ್ ಮಾಡಿ ಬಿಟ್ಟಾಗ ಸ್ವರ ಇಳಿದಿದ್ದು, ನಟ್ ಮತ್ತು ಬಿರಡೆಯ ನಡುವಿನ ತುಂಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಏರುತ್ತದೆಯೇ ನೋಡಿ. ಏರಿದರೆ ಬಿರಡೆಗೆ ಖರ್ಚು ಮಾಡಬೇಡಿ, ಅದರ ತಪ್ಪೇನೂ ಇಲ್ಲ.

ಮದ್ದು: ಗಾಡಿಯ ಅಗಲ ತಂತಿಗಿಂತ 0.05ರಿಂದ 0.1 ಮಿ.ಮೀ. ಹೆಚ್ಚಿರಬೇಕು, ತಳ ದುಂಡಗಿರಬೇಕು, ಬಿರಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಇಳಿಜಾರು ತಪ್ಪಿ ತಂತಿ ಗಾಡಿಯ ಹಿಂಬದಿಯಲ್ಲಿ ಕೂತರೆ ಬಿಡಿ ತಂತಿ ತಂಬೂರಿಗೆ ಜೀವಾಳಿ ದಾರ ಇಟ್ಟಂತೆ ಝೇಂಕರಿಸುತ್ತದೆ. ತಂಬೂರಿಗೆ ಅದು ಶೃಂಗಾರ, ಗಿಟಾರಿಗೆ ದೋಷ. ನಟ್ ಫೈಲ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಸಲ ಹೆಚ್ಚು ಕೊರೆದರೆ ಹೊಸ ನಟ್ ಹಾಕುವುದೇ ದಾರಿ. ಆಳ ನೋಡುವ ಬಗೆ: ತಂತಿಯನ್ನು ಮೂರನೇ ಫ್ರೆಟ್ಟಿನ ಹಿಂದೆ ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ನೋಡಿ. ಕೂದಲೆಳೆಯಷ್ಟು ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಗಾಡಿ ಆಳವಾಗಿದೆ. ತಾತ್ಕಾಲಿಕ ಉಪಾಯವಾಗಿ 2ಬಿ ಪೆನ್ಸಿಲ್ ಸೀಸವನ್ನು ಗಾಡಿಗೆ ಉಜ್ಜಬಹುದು, ಒಂದೆರಡು ವಾರ ಕೆಲಸ ಮಾಡುತ್ತದೆ.

ನಟ್ ಆದ ಮೇಲೆ ಕತ್ತು. ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕತ್ತು ಮೈ ಸೇರುವಲ್ಲಿ ಒತ್ತಿ, 7-8ನೇ ಫ್ರೆಟ್ಟಿನ ಮೇಲಿನ ಸಂದು ಅಳೆಯಿರಿ: 0.2ರಿಂದ 0.25 ಮಿ.ಮೀ. ಇದ್ದರೆ ಮುಟ್ಟಬೇಡಿ. ಹೆಚ್ಚಿದ್ದರೆ ಟ್ರಸ್ ರಾಡ್ (ಕತ್ತಿನೊಳಗಿನ ಸರಳು) ಬಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ ಮಾಡಿ ಅಳೆಯುವುದು. ಆಮೇಲೆ 12ನೇ ಫ್ರೆಟ್ಟಿನಲ್ಲಿ ಆ್ಯಕ್ಷನ್ (ತಂತಿಯ ಎತ್ತರ): ತೆಳು ಇ 1.5, ದಪ್ಪ ಇ 2 ಮಿ.ಮೀ. ಕೊನೆಗೆ ಇಂಟೊನೇಶನ್ (ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುವಂತೆ ಹೊಂದಿಸುವುದು), ಅದೂ ಹೊಸ ತಂತಿಯಲ್ಲಿ ಮಾತ್ರ. 12ನೇ ಫ್ರೆಟ್ಟಿನ ಹಾರ್ಮೋನಿಕ್‌ಗಿಂತ ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಟೇಲ್‌ಪೀಸ್ ಕಡೆಗೆ ಸರಿಸಿ, ಇಳಿದಿದ್ದರೆ ಕತ್ತಿನ ಕಡೆಗೆ. ಈ ಕ್ರಮ ಹಿಂದುಮುಂದಾದರೆ ಮಾಡಿದ್ದನ್ನೇ ಎರಡು ಸಲ ಮಾಡಬೇಕಾಗುತ್ತದೆ.

ಬ್ರಿಡ್ಜ್ ಬದಲಿಸಬೇಕೆ? ಸಾಮಾನ್ಯವಾಗಿ ಬೇಡ. ಬದಲಿಸಲೇಬೇಕೆಂದರೆ ಕ್ಯಾಲಿಪರ್ ಹಿಡಿದು ಅಳೆಯದೆ ಆರ್ಡರ್ ಮಾಡಬೇಡಿ. ಟ್ಯೂನ್-ಓ-ಮ್ಯಾಟಿಕ್ ಎಂಬ ಒಂದೇ ಹೆಸರಿನಲ್ಲಿ ಎರಡು ಕುಟುಂಬಗಳಿವೆ. ಎಬಿಆರ್-1ರ ಸಣ್ಣ ಕಂಬ ನೇರ ಮರಕ್ಕೆ ತಿರುಪಿಕೊಳ್ಳುತ್ತದೆ, ಸ್ಯಾಡಲ್‌ಗಳ ಮೇಲೆ ಹಿಡಿತದ ತಂತಿಯೊಂದು ಓಡುತ್ತದೆ. ಆ ತಂತಿ ಸಡಿಲವಾದರೆ ಕಿರಿಕಿರಿ ಝೇಂಕಾರ. ನ್ಯಾಶ್‌ವಿಲ್ ಮಾದರಿಯದು ಮೈಯೊಳಗೆ ಬಡಿದ ಲೋಹದ ತೊಟ್ಟಿಲಿಗೆ ಇಳಿಯುತ್ತದೆ, ಸ್ಯಾಡಲ್ ಸರಿಸಲು ಹೆಚ್ಚು ಜಾಗ ಇದೆ. ಏಷ್ಯಾದಲ್ಲಿ ತಯಾರಾದವುಗಳಲ್ಲಿ ಟೇಲ್‌ಪೀಸ್ ಕಂಬ ಬಹುತೇಕ 8 ಮಿ.ಮೀ. ಮೆಟ್ರಿಕ್, ಅಮೆರಿಕದವುಗಳಲ್ಲಿ 5/16 ಇಂಚು. ಎರಡೂ ಕೈಗೆ ಒಂದೇ ದಪ್ಪ ಅನಿಸುತ್ತವೆ, ಆದರೆ ತಿರುಪು ಬೇರೆ. ಬಲವಂತ ಮಾಡಿದರೆ ತೊಟ್ಟಿಲ ಒಳತಿರುಪು ಕೆಡುತ್ತದೆ. ಇನ್ನೊಂದು ಮಾತು: ಟೇಲ್‌ಪೀಸ್‌ನ ಒಂದು ತೊಟ್ಟಿಲಿನ ಅಡಿಯಲ್ಲಿ ತಂತಿಗಳನ್ನು ಗ್ರೌಂಡ್ ಮಾಡುವ ವೈರ್ ಸಿಕ್ಕಿಸಿರುತ್ತಾರೆ. ತೊಟ್ಟಿಲು ಕಿತ್ತರೆ ಅದು ಹೊಟ್ಟೆಯೊಳಗೆ ಬಿದ್ದು ಹೋಗುತ್ತದೆ, ಆಮೇಲೆ ಗುಂಯ್‌ಗಾಟ ಎಲ್ಲಿಂದ ಬಂತೆಂದು ಹುಡುಕಾಟ.

ಟೇಲ್‌ಪೀಸ್ ಎತ್ತರದ ಬಗ್ಗೆ ಬಹಳ ಮಂತ್ರತಂತ್ರ ಕೇಳುತ್ತೀರಿ. ಎತ್ತರಿಸಿದರೆ ತಂತಿಯ ಬಿಗಿತ ಕಡಿಮೆಯಾಗುವುದಿಲ್ಲ. ಒಂದೇ ಸ್ವರ, ಒಂದೇ ತಂತಿ, ಒಂದೇ ಉದ್ದಕ್ಕೆ ಬಿಗಿತ ಒಂದೇ. ಬದಲಾಗುವುದು ಬ್ರಿಡ್ಜ್ ಮೇಲಿನ ಒತ್ತಡ ಮತ್ತು ಬೆಂಡ್ ಮಾಡುವಾಗ ಬೆರಳಿಗೆ ತಿಳಿಯುವ ಜಾರಿಕೆ. ನಿಯಮ ಇಷ್ಟೇ: ತಂತಿ ಸ್ಯಾಡಲ್ ಬಿಟ್ಟ ಮೇಲೆ ಬ್ರಿಡ್ಜ್‌ನ ಹಿಂದಿನ ಅಂಚಿಗೆ ತಾಗಬಾರದು. ತಾಗಿದರೆ ಅಲ್ಲೇ ಸವೆದು ಕಡಿಯುತ್ತದೆ.

ಈಗ ಪಾಟ್‌ಗಳ ವಿಚಾರ. ಸ್ಟ್ರಾಟ್‌ನಲ್ಲಿ ಪ್ಲಾಸ್ಟಿಕ್ ಫಲಕ ಬಿಚ್ಚಿದರೆ ಎಲ್ಲವೂ ಕಣ್ಣೆದುರು. ಇಲ್ಲಿ ಹಿಂಬದಿಗೆ ಮುಚ್ಚಳವೇ ಇಲ್ಲ. ನಾಲ್ಕು ಪಾಟ್, ಸ್ವಿಚ್, ಜಾಕ್ ಎಲ್ಲವೂ ಎಫ್-ರಂಧ್ರದ ಮೂಲಕ ಹೊರಬಂದು ಅದರ ಮೂಲಕವೇ ಒಳಹೋಗಬೇಕು. ಕೆಲವು ಮಾದರಿಗಳಲ್ಲಿ ಬ್ರಿಡ್ಜ್ ಪಿಕಪ್ ಗುಂಡಿಯ ಪಕ್ಕದಲ್ಲಿ ದಿಮ್ಮಿಯನ್ನು ಕೊರೆದಿರುತ್ತಾರೆ, ಆಗ ಅಲ್ಲಿಂದ ಕೆಲಸ ಸುಲಭ. ಕೊರೆದಿರದಿದ್ದರೆ ಹೀಗೆ: ನಾಬ್ ತೆಗೆಯಿರಿ. ಪ್ರತಿ ಪಾಟ್‌ನ ಕಾಂಡಕ್ಕೆ ಅಕ್ವೇರಿಯಂ ಗಾಳಿಪಂಪಿನ ಮೃದು ಕೊಳವೆಯ ಒಂದು ಅಡಿ ತುಂಡನ್ನು ಬಿಗಿಯಾಗಿ ತೊಡಿಸಿ. ಜಾಕ್‌ಗೆ ದಾರ ಕಟ್ಟಿದ ಹಳೆಯ ಪ್ಲಗ್, ಸ್ವಿಚ್‌ಗೆ ಬಲವಾದ ದಾರ. ಆಮೇಲೆ ಪಾಟ್ ಹಿಡಿದಿರುವ ತಿರುಪು ನಟ್ ಬಿಚ್ಚಿ ಪಾಟ್‌ಗಳನ್ನು ಒಳಕ್ಕೆ ತಳ್ಳಿ ಎಫ್-ರಂಧ್ರದಿಂದ ಒಂದೊಂದಾಗಿ ಎಳೆಯಿರಿ. ಕೊಳವೆಯ ಇನ್ನೊಂದು ತುದಿ ಹಳೆಯ ರಂಧ್ರದಿಂದ ಹೊರಗೇ ನಿಂತಿರಲಿ, ಹಿಂದಕ್ಕೆ ಬರುವ ದಾರಿ ಅದೇ. ಹೊಸ ಪಾಟ್‌ಗಳನ್ನು ರಟ್ಟಿನ ಮೇಲೆ ಅದೇ ಅಂತರದಲ್ಲಿ ಕೂರಿಸಿ ಬೆಸುಗೆ ಹಾಕಿ, ಆಂಪಿಗೆ ಜೋಡಿಸಿ ಪರೀಕ್ಷಿಸಿ, ಆಮೇಲೆ ಕೊಳವೆ ತೊಡಿಸಿ ಎಳೆದುಕೊಳ್ಳಿ. ಎಫ್-ರಂಧ್ರದ ಅಂಚಿಗೆ ಮೊದಲೇ ಟೇಪ್ ಅಂಟಿಸಿ, ಪಾಲಿಶ್ ಕೆತ್ತುವುದು ಅಲ್ಲೇ. ಮಾಮೂಲಿ ತಪ್ಪೊಂದು: ಸಿಟಿಎಸ್ ಪಾಟ್‌ನ ಕುತ್ತಿಗೆ 3/8 ಇಂಚು, ಅಂದರೆ ಸುಮಾರು 9.5 ಮಿ.ಮೀ.; ಅಗ್ಗದ ಗಿಟಾರಿನ ರಂಧ್ರ ಅದಕ್ಕಿಂತ ಚಿಕ್ಕದು. ಎಲ್ಲ ಹೊರಗೆಳೆದ ಮೇಲೆ ಇದು ಗೊತ್ತಾದರೆ ಭಾನುವಾರ ಹಾಳು. ಮೌಲ್ಯ 500ಕೆ, ಟೋನ್ ಕೆಪಾಸಿಟರ್ 0.022 ಮೈಕ್ರೊಫ್ಯಾರಡ್. ಬೆಸುಗೆ ಹಾಕುವಾಗಲೇ ಕೆಪಾಸಿಟರ್ ಅನ್ನು ವಾಲ್ಯೂಮ್ ಪಾಟ್‌ನ ನಡುಗಾಲಿಗೆ ಜೋಡಿಸಿ. ದನಿ ತಗ್ಗಿಸಿದಾಗ ಟ್ರೆಬಲ್ ಮಾಯವಾಗುವುದು ಕಡಿಮೆಯಾಗುತ್ತದೆ.

ಪಾಟ್ ಕರಕರ ಎಂದರೆ ಇಷ್ಟೆಲ್ಲ ಬೇಕಿಲ್ಲ. ಕರಾವಳಿಯ ತೇವಕ್ಕೆ ಅದು ಬಂದೇ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್‌ನ ಉದ್ದ ಮೂತಿಯನ್ನು ಎಫ್-ರಂಧ್ರದಿಂದ ತೂರಿಸಿ ಪಾಟ್‌ನ ಸಂದಿಗೆ ಒಂದು ಚಿಮುಕು, ನಾಬ್ ಇಪ್ಪತ್ತು ಸಲ ತಿರುಗಿಸಿ. ಡಬ್ಲ್ಯುಡಿ-40 ಬೇಡ, ಅದು ಅಂಟಿನ ಪದರ ಉಳಿಸುತ್ತದೆ.

ತಂತಿ. ಸ್ಟ್ರಾಟ್‌ನ 25.5 ಇಂಚಿನಿಂದ 24.75ಕ್ಕೆ ಬಂದಾಗ ಅದೇ ತಂತಿಯ ಬಿಗಿತ ಸುಮಾರು ಶೇ. 6 ಇಳಿಯುತ್ತದೆ, ಏಕೆಂದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಸ್ಟ್ರಾಟ್ ಮೇಲೆ 10ರ ತೆಳು ಇ ತಂತಿ ಸುಮಾರು 7.3 ಕೆ.ಜಿ. ಎಳೆದರೆ ಇಲ್ಲಿ 6.9. ತಂತಿಯ ದಪ್ಪವೂ ಹಾಗೆಯೇ: 11ರ ತಂತಿ 10ಕ್ಕಿಂತ ಶೇ. 21 ಹೆಚ್ಚು ಎಳೆಯುತ್ತದೆ, ಇಲ್ಲಿ 8.4 ಕೆ.ಜಿ. ಸುತ್ತಮುತ್ತ. ಬೆಂಡ್ ಹೆಚ್ಚಿರುವ ಬ್ಲೂಸ್‌ಗೆ 10-46 ಸಾಕು. ಕಾರ್ಡ್ ತೂಕವಾಗಿ ಬರಬೇಕು, ಬೆಂಡ್ ಅರ್ಧ ಸ್ವರದಾಚೆ ಹೋಗದು ಎಂದಾದರೆ 11-49. ನಿಮ್ಮ ಹಾಡುಗಳಿಗೆ 11 ಎನ್ನುವೆ. ಆದರೆ 10ಕ್ಕೆ ಕೊರೆದ ನಟ್ ಮೇಲೆ 11 ಹಾಕಿದ ದಿನವೇ ಆ 'ಟಿಂಗ್' ಶುರುವಾಗಬಹುದು. ಗೇಜ್ (ತಂತಿಯ ದಪ್ಪ) ನಿರ್ಧರಿಸಿಯೇ ಸೆಟಪ್‌ಗೆ ಕೊಡಿ.

ಫ್ಲ್ಯಾಟ್‌ವೌಂಡ್ ಜಾಝ್‌ಗೆ ಬೆಣ್ಣೆಯಂತೆ. ಕೈ ಜಾರುವ ಸದ್ದಿಲ್ಲ, ದನಿ ದುಂಡಗೆ, ಬಾಳಿಕೆ ತಿಂಗಳುಗಟ್ಟಲೆ. ಆದರೆ ಅದರ ಸೆಟ್‌ನಲ್ಲಿ ಜಿ ತಂತಿ ಲೋಹದ ಎಳೆ ಸುತ್ತಿದ್ದೇ ಇರುತ್ತದೆ. 11-50ರ ಡಿಅಡಾರಿಯೊ ಕ್ರೋಮ್ಸ್ ಫ್ಲ್ಯಾಟ್‌ವೌಂಡ್ ಸೆಟ್‌ನಲ್ಲಿ ಜಿ 22, ಸಾಮಾನ್ಯ 11ರ ಸೆಟ್‌ನಲ್ಲಿ ಸುತ್ತಿಲ್ಲದ 18. ಮೂರು ಪರಿಣಾಮ ಇವೆ: ಜಿ ಮೇಲೆ ಬೆಂಡ್ ಮರೆತುಬಿಡಿ, ನಟ್ ಗಾಡಿ ಅಗಲಿಸಬೇಕು, ಜಿ ಸ್ಯಾಡಲ್ ಕತ್ತಿನ ಕಡೆಗೆ ಸಾಕಷ್ಟು ಸರಿಯಬೇಕು. ಒಮ್ಮೆ ಗಾಡಿ ಅಗಲಿಸಿದರೆ ಮತ್ತೆ ತೆಳು ಜಿ ಅದರಲ್ಲಿ ಅಲುಗಾಡುತ್ತದೆ. ವಾರದಲ್ಲಿ ಒಂದು ದಿನ ಬ್ಲೂಸ್ ಇರುವವರಿಗೆ ಶುದ್ಧ ನಿಕಲ್ ಸುತ್ತಿನ ಸಾಮಾನ್ಯ ತಂತಿ ಒಳ್ಳೆಯ ನಡುದಾರಿ. ನಿಕಲ್ ಲೇಪದ ಉಕ್ಕಿಗಿಂತ ಮೃದು ದನಿ.

ಮಂಗಳೂರಿನ ಮಳೆಗಾಲದಲ್ಲಿ ಲೇಪವಿಲ್ಲದ ತಂತಿ ಎರಡು ಮೂರು ವಾರಕ್ಕೆ ಕಪ್ಪಿಡುತ್ತದೆ, ಮೊದಲು ಹೋಗುವುದು ಬೆವರು ತಾಗುವ ಸುತ್ತಿಲ್ಲದ ತೆಳು ತಂತಿಗಳು. ಎಲಿಕ್ಸರ್, ಡಿಅಡಾರಿಯೊ ಎಕ್ಸ್‌ಎಸ್‌ನಂಥ ಲೇಪಿತ ತಂತಿಗೆ ದುಡ್ಡು ಹೆಚ್ಚಾದರೂ ಇಲ್ಲಿ ಲೆಕ್ಕ ಸರಿಹೋಗುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ. ಪ್ಲೈವುಡ್ ಮೈ ಬಿರುಕು ಬಿಡುವ ಭಯ ಇಲ್ಲ, ಕತ್ತು ಮಾತ್ರ ಋತುವಿಗೆ ತಕ್ಕಂತೆ ಬಾಗುತ್ತದೆ; ಜೂನ್ ಮತ್ತು ಡಿಸೆಂಬರ್‌ನಲ್ಲಿ ಒಮ್ಮೊಮ್ಮೆ ಆ 0.2 ಮಿ.ಮೀ. ಅಳೆದು ನೋಡಿ. ಗಿಟಾರ್ ಗೋಡೆಯಲ್ಲಿ ನೇತಾಡುವ ಬದಲು ಸಿಲಿಕಾ ಚೀಲ ಇಟ್ಟ ಪೆಟ್ಟಿಗೆಯಲ್ಲಿರಲಿ.

ಅಂಗಡಿಯಲ್ಲಿ ನೋಡುವಾಗ ಮೊದಲು ಆಂಪ್ ಇಲ್ಲದೆ ನುಡಿಸಿ. ಪ್ರತಿ ತಂತಿಯ ಪ್ರತಿ ಫ್ರೆಟ್ ಒಮ್ಮೆ. ಯಾವುದಾದರೂ ಸ್ವರಕ್ಕೆ ಮೈಯೊಳಗಿಂದ ಝೇಂಕಾರ ಬಂದರೆ ಪಿಕ್‌ಗಾರ್ಡ್, ಬ್ರಿಡ್ಜ್, ಪಿಕಪ್ ಚೌಕಟ್ಟು ಒಂದೊಂದನ್ನೇ ಬೆರಳಲ್ಲಿ ಒತ್ತಿ ನೋಡಿ, ಯಾವುದು ಒತ್ತಿದಾಗ ನಿಂತಿತೋ ಅದೇ ಕಳ್ಳ. ಯಾವುದಕ್ಕೂ ನಿಲ್ಲದಿದ್ದರೆ ಒಳಗೆ ವೈರ್ ಮೈಗೆ ಬಡಿಯುತ್ತಿದೆ ಅಥವಾ ಅಂಟು ಬಿಟ್ಟಿದೆ, ಆ ಗಿಟಾರ್ ಬಿಟ್ಟು ಇನ್ನೊಂದು ಕೇಳಿ. ಆಮೇಲೆ ಆಂಪ್. ಸ್ವಿಚ್ ನಡುವೆ ಇಟ್ಟು ಒಂದು ವಾಲ್ಯೂಮ್ ಸೊನ್ನೆ ಮಾಡಿದಾಗ ಎರಡೂ ಪಿಕಪ್ ಸತ್ತರೆ ಗಾಬರಿ ಬೇಡ, ಗಿಬ್ಸನ್ ಪದ್ಧತಿಯ ವೈರಿಂಗ್ ಇರುವುದೇ ಹಾಗೆ. ತಂತಿ ಮುಟ್ಟಿದಾಗ ಗುಂಯ್‌ಗಾಟ ಕಡಿಮೆಯಾದರೆ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ಗಿಟಾರಿನ ವೈರಿಂಗ್ ಉಲ್ಟಾ ಇದೆ, ಇಲ್ಲವೇ ಅಂಗಡಿಯ ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಬೇರೆ ಪ್ಲಗ್‌ನಲ್ಲಿ ಹಾಕಿ ನೋಡಿಯೇ ಗಿಟಾರನ್ನು ದೂರಿ.